ಗಾಡಿಗೆ ಗಾಡಿ ಅದಲಿಬದಲಿ: ಖಾಲಿ ಫಾರಂಗೆ ಸಹಿ ಕೇಳುತ್ತಿದ್ದಾರೆ, ಮಾಡಬಹುದಾ?

ಉಣಕಲ್ ದಂಡೆ:
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯವನು. ನನ್ನ ಹತ್ತಿರ 2015ರ ವ್ಯಾಗನ್ಆರ್ ಇದೆ, ಪೆಟ್ರೋಲ್, ಕೆಎ 63, ನಾನೇ ಮೊದಲ ಓನರ್. ಮನೆಯಲ್ಲಿ ಈಗ ಆರು ಜನ, ಊರಿಗೆ ಹೊರಟರೆ ಒಬ್ಬರ ತೊಡೆಯ ಮೇಲೆ ಒಬ್ಬರು. ಅದಕ್ಕೆ ದೊಡ್ಡ ಗಾಡಿ ಬೇಕು ಅಂತ ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿದೆ.

ಅರ್ಧ ಗಂಟೆಯಲ್ಲೇ ಒಬ್ಬ ಹಿಂದಿಯಲ್ಲಿ ಫೋನ್ ಮಾಡಿದ. ತಾನು ಮಿಲಿಟರಿಯವನಂತೆ, ಗಾಡಿ ನೋಡುವುದೇ ಬೇಡವಂತೆ, ಹೇಳಿದ ರೇಟಿಗೇ ಒಪ್ಪಿಗೆಯಂತೆ. ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದ. ಅಷ್ಟು ದಡ್ಡ ನಾನಲ್ಲ, ಕಟ್ ಮಾಡಿದೆ.

ಎರಡನೆಯವರು ಗದಗ ಕಡೆಯವರು, ಮಾತಿನಲ್ಲಿ ಒಳ್ಳೆಯವರ ಹಾಗೆ ಕಂಡರು. ಅವರದು 2016ರ ಎರ್ಟಿಗಾ ಡೀಸೆಲ್. ನನ್ನ ಗಾಡಿ ಕೊಟ್ಟು ಮೇಲೆ 2 ಲಕ್ಷದ 10 ಸಾವಿರ ಕೊಡಬೇಕು, ಅದೂ ಪೂರ್ತಿ ಕ್ಯಾಶ್. ಅವರ ಸಾಲದ ನಾಲ್ಕು ಕಂತು ಬಾಕಿ ಇವೆ, ಎಚ್‌ಪಿ (ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರಿನ ನಮೂದು) ಇನ್ನೂ ಕ್ಯಾನ್ಸಲ್ ಆಗಿಲ್ಲ, ತಿಂಗಳೊಳಗೆ ಮಾಡಿಸಿ ಕೊಡುತ್ತೇನೆ ಅನ್ನುತ್ತಾರೆ. ನಾನು ಮಾತ್ರ ಈಗಲೇ ಗಾಡಿ ಬೇರೆಯವರ ಹೆಸರಿಗೆ ಮಾಡುವ ಫಾರಂ 29, 30ಕ್ಕೆ ಸಹಿ ಮಾಡಿ ಕೊಡಬೇಕು, ತಗೊಳ್ಳುವವರ ಹೆಸರಿನ ಜಾಗ ಖಾಲಿ ಬಿಟ್ಟು. "ನಾನೂ ಮುಂದ ಯಾರಿಗರೆ ಕೊಡಾಂವ, ಎರಡೆರಡು ಸಲ ಟ್ರಾನ್ಸ್‌ಫರ್ ಖರ್ಚು ಯಾಕ್ರಿ ಸರ" ಅಂತಾರೆ. ಭಾನುವಾರ ಭೇಟಿ. ಏನು ಮಾಡಲಿ?

ಗೋಕುಲ ರೋಡ್ ಕಾಕಾ:
ತಮ್ಮಾ, ಆ ಖಾಲಿ ಫಾರಂಗೆ ಸಹಿ ಮಾಡಬೇಡ. ಉಳಿದದ್ದೆಲ್ಲ ಆಮೇಲೆ.

ನಾನು ಮಾಡಿ ಅನುಭವಿಸಿದ್ದೇನೆ. ಹಳೆಯ ವ್ಯಾನ್ ಒಂದನ್ನು ಪರಿಚಯದವರ ಪರಿಚಯದವನಿಗೆ ಹೀಗೇ ಕೊಟ್ಟೆ. ಒಂದೂವರೆ ವರ್ಷ ಆದ ಮೇಲೆ ನಾನು ಕಾಲಿಡದ ಊರುಗಳಿಂದ ನನ್ನ ಮೊಬೈಲಿಗೆ ದಂಡದ ಮೆಸೇಜು ಬರತೊಡಗಿದವು, ಆಮೇಲೆ ಒಂದು ದಿನ ಪೊಲೀಸ್ ಠಾಣೆಯಿಂದ ಫೋನ್, ನಿಮ್ಮ ಗಾಡಿ ಒಬ್ಬರಿಗೆ ಗುದ್ದಿ ನಿಲ್ಲಿಸದೆ ಹೋಗಿದೆ ಅಂತ. ತಗೊಂಡವನನ್ನು ಹುಡುಕಿದರೆ ಅವನು ಇನ್ನೊಬ್ಬನಿಗೆ, ಆ ಇನ್ನೊಬ್ಬ ಮತ್ತೊಬ್ಬನಿಗೆ. ಪುಣ್ಯಕ್ಕೆ ಗುದ್ದಿಸಿಕೊಂಡವರಿಗೆ ಕಾಲು ತರಚಿತ್ತು ಅಷ್ಟೇ. ಇಲ್ಲದಿದ್ದರೆ ಹೊಲ ಮಾರಬೇಕಿತ್ತು.

ಇದು ಬರೀ ನನ್ನ ಹೆದರಿಕೆ ಅಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಕೇಸಿನಲ್ಲಿ ಇದನ್ನೇ ಹೇಳಿದೆ. ಅಲ್ಲೂ ಗಾಡಿ ಕೈಯಿಂದ ಕೈಗೆ ಹೋಗಿತ್ತು, ಕೊನೆಯವನ ಹತ್ತಿರ ಇದ್ದಾಗ ಅಪಘಾತ ಆಯಿತು. ಪರಿಹಾರದ ಹೊಣೆ ಬಿದ್ದದ್ದು ಆರ್‌ಟಿಒ ದಾಖಲೆಯಲ್ಲಿ ಹೆಸರಿದ್ದ ಮೊದಲನೆಯವನ ಮೇಲೆ. ನಾನು ಯಾವಾಗಲೋ ಮಾರಿದೆ ಅಂದರೆ ಕೇಳುವವರಿಲ್ಲ.

ಕಾನೂನಿನ ಪ್ರಕಾರ ಒಂದೇ ರಾಜ್ಯದೊಳಗೆ ಆದರೆ ಮಾರಿದವನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ತಗೊಂಡವನು 30 ದಿನದೊಳಗೆ. ಅದಲಿಬದಲಿ ಅಂದರೆ ನೀನು ಮಾರುವವನೂ ಹೌದು, ತಗೊಳ್ಳುವವನೂ ಹೌದು. ಎರಡೂ ಗಾಡಿಯ ಕಾಗದ ಒಂದೇ ದಿನ ಆರ್‌ಟಿಒ ಕೌಂಟರ್ ಮುಟ್ಟಲಿ, ನಿನ್ನ ಖರ್ಚಿನಲ್ಲೇ ಆದರೂ ಪರವಾಗಿಲ್ಲ.

ಮುಳಗುಂದ ನಾಕಾ:
ಕಾಕಾ ಹೇಳಿದ್ದು ಸರಿ. ನಾನು ಎಚ್‌ಪಿ ಬಗ್ಗೆ ಹೇಳುತ್ತೇನೆ, ನನ್ನ ದೃಷ್ಟಿಯಲ್ಲಿ ಅದು ಇನ್ನೂ ಅಪಾಯ. ಸಾಲ ಇರುವ ಗಾಡಿ ಬ್ಯಾಂಕಿನ ಒಪ್ಪಿಗೆ ಇಲ್ಲದೆ ನಿಮ್ಮ ಹೆಸರಿಗೆ ಆಗುವುದೇ ಇಲ್ಲ. ಅವರು ಕಂತು ಕಟ್ಟದಿದ್ದರೆ ಫೈನಾನ್ಸಿನವರು ನಿಮ್ಮ ಮನೆ ಮುಂದಿನಿಂದಲೇ ಎಳೆದುಕೊಂಡು ಹೋಗುತ್ತಾರೆ. ಇತ್ತ ನಿಮ್ಮ ವ್ಯಾಗನ್ಆರ್ ಆಗಲೇ ಯಾರದೋ ಪಾಲು.

ಹೀಗೆ ಮಾಡಿ. ಭಾನುವಾರ ಗಾಡಿ ನೋಡಿ ಬನ್ನಿ, ದುಡ್ಡು ಮುಟ್ಟಿಸಬೇಡಿ. ಕೆಲಸದ ದಿನ ಇಬ್ಬರೂ ಅವರ ಬ್ಯಾಂಕಿಗೇ ಹೋಗಿ, ಸಾಲ ಮುಗಿಸಲು ಎಷ್ಟು ಬೇಕು ಅಂತ ಬರಹದಲ್ಲಿ ತಗೊಳ್ಳಿ, ನೀವು ಕೊಡಬೇಕಾದ ದುಡ್ಡಿನಲ್ಲಿ ಅಷ್ಟನ್ನು ನೇರ ಸಾಲದ ಖಾತೆಗೇ ಹಾಕಿ. ಬ್ಯಾಂಕಿನ ಎನ್‌ಒಸಿ (ತಕರಾರು ಇಲ್ಲ ಅನ್ನುವ ಪತ್ರ), ಎಚ್‌ಪಿ ತೆಗೆಸಲು ಬ್ಯಾಂಕ್ ಸಹಿ ಹಾಕಿದ ಫಾರಂ 35 ಬಂದ ಮೇಲೆ ಉಳಿದ ದುಡ್ಡು ಕೊಡಿ. ನಿಜವಾಗಿ ನಾಲ್ಕೇ ಕಂತು ಇದ್ದರೆ ಅವರಿಗೆ ಏನು ತೊಂದರೆ?

ಇನ್ನು ಕ್ಯಾಶ್. ಒಂದೇ ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವ ಹಾಗಿಲ್ಲ, ಆದಾಯ ತೆರಿಗೆಯವರು ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಹಾಕಬಹುದು. ಇದನ್ನು ಅವರಿಗೇ ಹೇಳಿ, ತಾವೇ ಬ್ಯಾಂಕಿಗೆ ಹಾಕಿ ಅನ್ನುತ್ತಾರೆ.

ಅಂದ ಹಾಗೆ ಆ ಮಿಲಿಟರಿಯವನ ನಂಬರ್ ಸುಮ್ನೆ ಬ್ಲಾಕ್ ಮಾಡಿದರೆ ಸಾಲದು, ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹಾಕಿ. ದುಡ್ಡು ಬರುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ. ಯಾರಾದರೂ ಕಳೆದುಕೊಂಡಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಬ್ಯಾಡಗಿ ಖಾರ:
ಹಾವೇರಿಯಲ್ಲಿ ಗ್ಯಾರೇಜ್ ನನ್ನದು, ಕಾಗದ ನಿಮಗೆ ಬಿಟ್ಟೆ. ಬೆಳಗ್ಗೆ ಬೇಗ ಹೋಗಿ, ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಬಾನೆಟ್ ಮುಟ್ಟಿದರೆ ಬಿಸಿ ಇದ್ದರೆ ಏನೋ ಮುಚ್ಚುತ್ತಿದ್ದಾರೆ ಅಂತ ನಾನಂತೂ ಅಂದುಕೊಳ್ಳುತ್ತೇನೆ. ತಣ್ಣಗಿನ ಡೀಸೆಲ್ ಎಂಜಿನ್ ಮೊದಲ ಸಲ ಹೇಗೆ ಎದ್ದಿತು, ಎಂಥ ಹೊಗೆ ಬಿಟ್ಟಿತು ಅನ್ನುವುದರಲ್ಲೇ ಅರ್ಧ ಕಥೆ ಇದೆ.

ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆಯಿರಿ. ತುದಿಯಲ್ಲಿ ಕೆಸರಿನ ಕಲೆ ಇದ್ದರೆ ಗಾಡಿ ನೀರಲ್ಲಿ ನಿಂತದ್ದು. 2019ರ ಮಳೆಗಾಲ ನಮ್ಮ ಕಡೆ ಹೇಗಿತ್ತು ಅಂತ ಗೊತ್ತಲ್ವಾ. ಮೀಟರ್ ಓಡಿದ್ದನ್ನು ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ. 50 ಸಾವಿರ ಓಡಿದೆ ಅನ್ನುವ ಗಾಡಿಯ ಕ್ಲಚ್ ಪೆಡಲ್ ರಬ್ಬರ್ ನುಣ್ಣಗೆ ಸವೆದಿದ್ದರೆ ಲೆಕ್ಕ ತಪ್ಪುತ್ತದೆ. ಚಾಸಿ ನಂಬರ್, ಎಂಜಿನ್ ನಂಬರ್ ಕಣ್ಣಾರೆ ನೋಡಿ ಆರ್‌ಸಿ ಜೊತೆ ತಾಳೆ ಹಾಕಿ. ಚಾಸಿ ನಂಬರಿನ ಸುತ್ತ ಹೊಸ ಪೇಂಟ್ ಇದ್ದರೆ ಚಹಾ ಕುಡಿದು ಎದ್ದು ಬನ್ನಿ.

ಉಣಕಲ್ ದಂಡೆ:
ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಫೋನ್ ಮಾಡಿದ್ದೆ. ಬ್ಯಾಂಕಿಗೆ ಬರಲು ಒಪ್ಪಿದರು, ಸ್ವಲ್ಪ ಗೊಣಗಿ. ಹೆಸರು ತುಂಬಿದ ಫಾರಂಗೇ ಸಹಿ ಅಂದಾಗ ಮಾತ್ರ ದನಿ ಬದಲಾಯಿತು. "ನಾ ವರ್ಷಕ್ಕ ಹತ್ತು ಗಾಡಿ ಮಾಡ್ತೇನ್ರಿ, ಎಲ್ಲಾ ನನ್ನ ಹೆಸರಿಗೆ ಮಾಡಿಸ್ಕೊಂಡ್ರ ಉಳಿಯೂದೇನು" ಅಂದರು.

ಗೋಕುಲ ರೋಡ್ ಕಾಕಾ:
ನೋಡು, ಬಾಯಿಂದಲೇ ಬಂತು. ಮನೆಬಳಕೆ ಗಾಡಿ ಮಾರುವವರಲ್ಲ ಅವರು, ವ್ಯಾಪಾರದವರು. ಅದು ತಪ್ಪಲ್ಲ. ಆದರೆ 2023ರ ಏಪ್ರಿಲ್‌ನಿಂದ ಹಳೆ ಗಾಡಿ ಡೀಲರುಗಳಿಗೆ ಆರ್‌ಟಿಒ ಅನುಮತಿ ಪತ್ರ ಬೇಕು. ಅಂಥವರಿಗೆ ಗಾಡಿ ಒಪ್ಪಿಸಿದರೆ ಫಾರಂ 29ಸಿ ಅಂತ ಇದೆ, ಅದು ಸಾರಿಗೆಯವರ ಪೋರ್ಟಲ್‌ನಲ್ಲಿ ಹೋದ ಮೇಲೆ ಮಾರಾಟ ಆಗುವವರೆಗೆ ಹೊಣೆ ಅವರದು. ಅನುಮತಿ ಪತ್ರ ಇದೆಯಾ ಕೇಳು. ಇದ್ದರೆ ಆ ದಾರಿಯಲ್ಲಿ ಹೋಗು, ಇಲ್ಲದಿದ್ದರೆ ಅವರ ಹೆಸರಿಗೇ ಟ್ರಾನ್ಸ್‌ಫರ್. ಮಾತುಕತೆ ಕುದುರಿದರೆ ನಿನ್ನ ಫಾಸ್ಟ್ಯಾಗ್ ಮುಚ್ಚಿಸು, ಮುಂದಿನ ಟೋಲ್ ನಿನ್ನ ಖಾತೆಯಿಂದ ಹೋಗಬಾರದು. ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ನಿನ್ನದೇ, ಅದನ್ನು ಅವರಿಗೆ ಬಿಡಬೇಡ.

ಉಣಕಲ್ ದಂಡೆ:
ಕೇಳಿದೆ ಕಾಕಾ. ಅನುಮತಿ ಪತ್ರ ಇಲ್ಲವಂತೆ. ರಾತ್ರಿ ಯೋಚಿಸಿ ಹೇಳುತ್ತೇನೆ ಅಂದಿದ್ದಾರೆ. ಖಾರ ಅಣ್ಣ, ಒಪ್ಪಿದರೆ ಭಾನುವಾರ ಬೆಳಗ್ಗೆ ಏಳಕ್ಕೆ ಗದಗಿಗೆ ಬರ್ತೀರಾ? ಡೀಸೆಲ್ ಖರ್ಚು, ಮಿರ್ಚಿ ಗಿರ್ಮಿಟ್ ಎಲ್ಲಾ ನಂದು.