ಸಹಾಯ ಬೇಕು: ಪಿಕ್ ಅಂಡ್ ಪ್ಲೇಸ್ ಫೈಲ್‌ನಲ್ಲಿ ಭಾಗಗಳ ದಿಕ್ಕು ತಾಳೆಯಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕಿಕ್ಯಾಡ್‌ನಲ್ಲಿ (ಸರ್ಕ್ಯೂಟ್ ಬೋರ್ಡ್ ವಿನ್ಯಾಸದ ಸಾಫ್ಟ್‌ವೇರ್) ಒಂದು ಮೋಟಾರ್ ಕಂಟ್ರೋಲರ್ ಬೋರ್ಡ್ ಮಾಡಿದ್ದೇನೆ. ಯಾವ ಭಾಗ ಎಲ್ಲಿ, ಯಾವ ಕೋನದಲ್ಲಿ ಕೂರಬೇಕು ಅಂತ ಯಂತ್ರಕ್ಕೆ ಹೇಳುವುದೇ ಪಿಕ್ ಅಂಡ್ ಪ್ಲೇಸ್ ಫೈಲ್; ಅದನ್ನು ಬೋರ್ಡಿಗೆ ಭಾಗ ಜೋಡಿಸಿಕೊಡುವ ಅಸೆಂಬ್ಲಿಯವರಿಗೆ ಕೊಟ್ಟಿದ್ದೇನೆ. ಅಸೆಂಬ್ಲಿಯವರ ಪ್ರಿವ್ಯೂನಲ್ಲಿ ರೆಸಿಸ್ಟರ್, ಕೆಪಾಸಿಟರ್ ಎಲ್ಲ ಸರಿಯಾಗಿವೆ. ಆದರೆ ಎಸ್‌ಒಟಿ-23 (ಒಂದು ಚಿಕ್ಕ ಹೊರಕವಚ, ಅಂದರೆ ಪ್ಯಾಕೇಜ್) ಟ್ರಾನ್ಸಿಸ್ಟರ್‌ಗಳು 180 ಡಿಗ್ರಿ, ಕೆಲವು ಐಸಿಗಳು 90 ಡಿಗ್ರಿ ತಿರುಗಿ ಕೂತಿವೆ.

ಕಿಕ್ಯಾಡ್ ಲೈಬ್ರರಿ ಐಪಿಸಿ-7351 ಅನ್ನುವ ಫುಟ್‌ಪ್ರಿಂಟ್ (ಬೋರ್ಡಿನ ಮೇಲೆ ಭಾಗ ಬೆಸುಗೆಯಾಗುವ ಜಾಗದ ನಕ್ಷೆ) ಮಾನದಂಡದ ಪ್ರಕಾರ ನಡೆಯುತ್ತದೆ. ಸೊನ್ನೆ ಡಿಗ್ರಿಯಲ್ಲಿ ಐಸಿಯ ಒಂದನೇ ಪಿನ್ ಎಡಗಡೆ ಮೇಲೆ. ಅಸೆಂಬ್ಲಿಯವರು ಮಾತ್ರ ಯಂತ್ರಕ್ಕೆ ಭಾಗಗಳನ್ನು ಒದಗಿಸುವ ಟೇಪ್‌ನಲ್ಲಿ ಭಾಗ ಕೂತಿರುವ ದಿಕ್ಕನ್ನೇ ಸೊನ್ನೆ ಅಂತ ಹಿಡಿಯುತ್ತಾರೆ. ಟೇಪ್‌ಗೆ ಇರುವುದು ಇಐಎ-481, ಅದು ಬೇರೆಯೇ ಮಾನದಂಡ. ಎರಡರದ್ದೂ ತಪ್ಪಿಲ್ಲ, ಒಂದಕ್ಕೊಂದು ಹೊಂದುವುದಿಲ್ಲ ಅಷ್ಟೆ.

ಫುಟ್‌ಪ್ರಿಂಟನ್ನೇ ತಿರುಗಿಸಿಡಲು ನನಗೆ ಮನಸ್ಸಿಲ್ಲ. ನಾಳೆ ಬೇರೆ ಕಡೆ ಕೊಟ್ಟರೆ ಮತ್ತೆ ಅದೇ ಗೋಳು, ಅಲ್ವಾ? ಯಾವ ಪ್ಯಾಕೇಜ್‌ಗೆ ಎಷ್ಟು ಡಿಗ್ರಿ ಸೇರಿಸಬೇಕು ಅನ್ನುವ ಪಟ್ಟಿ ಇಟ್ಟುಕೊಂಡು, ಫೈಲನ್ನು ಸ್ಕ್ರಿಪ್ಟ್‌ನಿಂದ ತಿದ್ದುವವರು ಯಾರಾದರೂ ಇದ್ದೀರಾ? ಬೋರ್ಡಿನ ಕೆಳಬದಿಯ ಭಾಗಗಳಿಗೆ ಕೋನವನ್ನು ಮೇಲಿನಿಂದ ನೋಡಿ ಲೆಕ್ಕ ಹಾಕುತ್ತೀರೋ, ಕೆಳಗಿನಿಂದಲೋ?

ಡಯೋಡ್‌ಗಳದ್ದೇ ನನಗೆ ಚಿಂತೆ ಜಾಸ್ತಿ. ಕ್ಯಾಥೋಡ್ (ಋಣ ತುದಿ) ಗುರುತನ್ನು ಸಿಲ್ಕ್‌ಸ್ಕ್ರೀನ್‌ನಲ್ಲಿ, ಅಂದರೆ ಬೋರ್ಡಿನ ಮೇಲಿನ ಮುದ್ರಣದಲ್ಲಿ, ಹಾಕಿದ್ದೇನೆ. ಅದರ ಜೊತೆ ಅಸೆಂಬ್ಲಿ ಡ್ರಾಯಿಂಗ್ (ಭಾಗಗಳ ಜಾಗ, ದಿಕ್ಕು ತೋರಿಸುವ ಚಿತ್ರ) ಕೂಡ ಕಳಿಸುವುದು ನಿಮ್ಮಲ್ಲಿ ರೂಢಿಯೇ? ನಿಮ್ಮದೊಂದು ಮಾದರಿ ಡ್ರಾಯಿಂಗ್ ಹಂಚಿಕೊಂಡರೆ ತುಂಬಾ ಉಪಕಾರವಾಗುತ್ತದೆ.