ನಾಲ್ಕು ವರ್ಷದ ಮಗಳಿಗೆ ಮನ್ಯಾಗ ಲೆಕ್ಕ: ಕೋಲಿನ ಸೆಟ್ ತಗೋಬೇಕೋ, ಅಬ್ಯಾಕಸ್ಸೋ?

ಜೇವರ್ಗಿ ಕಾಲೋನಿ (ಪ್ರಶ್ನೆ):

ಮಗಳಿಗೆ ನಾಲ್ಕು ವರ್ಷ ಎರಡು ತಿಂಗಳು. ಇಂಗ್ಲಿಷಿನ್ಯಾಗ 40ರ ತನಕ, ಕನ್ನಡದಾಗ 20ರ ತನಕ ಗಡಗಡ ಹೇಳ್ತಾಳ. ಆದ್ರ "ಆರು ಹುಣಸಿ ಬೀಜ ಕೊಡು" ಅಂದ್ರ ಒಂದು ಹಿಡಿ ತಂದು ಕೈಯಾಗ ಸುರೀತಾಳ. ಜೂನಿಗೆ ಇಂಗ್ಲಿಷ್ ಮೀಡಿಯಂ ಸಾಲಿಗೆ ಹಾಕೋರಿದ್ದೀವಿ. ರೂ. 1500 ಒಳಗ ಮೂರು ನೋಡಿಟ್ಟೀನಿ: ಕೆಂಪು-ನೀಲಿ ಕಟ್ಟಿಗಿ ಕೋಲಿನ ಮಾಂಟೆಸ್ಸರಿ ಸೆಟ್, 100 ಮಣಿ ಅಬ್ಯಾಕಸ್, ನಾಲ್ಕು ವರ್ಕ್‌ಬುಕ್ಕಿನ ಕಟ್ಟು. ಯಾವುದು ಛಲೋ? ಇನ್ನೊಂದು ಮಾತು, ಮನ್ಯಾಗ ಒಂದೂವರೆ ವರ್ಷದ ತಮ್ಮ ಇದ್ದಾನ, ಸಿಕ್ಕಿದ್ದೆಲ್ಲಾ ಬಾಯಾಗ ಹಾಕ್ತಾನ. ಬಾಡಿಗಿ ಮನಿ, ಶಹಾಬಾದಿ ಪರಸಿ ನೆಲ.

ಆಳಂದ ನಾಕಾ:

ಸದ್ಯಕ್ಕೆ ಮೂರೂ ಬೇಡ. ಹೇಳುವುದು ಬೇರೆ, ಎಣಿಸುವುದು ಬೇರೆ. 40ರ ತನಕ ಹೇಳುವುದು ಅವಳಿಗೆ ಹಾಡು ಇದ್ದ ಹಾಗೆ. ಕೊನೆಗೆ ಹೇಳಿದ ಸಂಖ್ಯೆಯೇ ಅಲ್ಲಿರುವ ಎಲ್ಲದರ ಲೆಕ್ಕ ಅನ್ನುವುದು ಇನ್ನೂ ಕೂತಿಲ್ಲ. ಮೊದಲು ಆಕೆ ಎಲ್ಲಿದ್ದಾಳೆ ನೋಡಿ, ಸಾಮಾನಿನ ಮಾತು ಆಮೇಲೆ.

ಕ್ಯಾರೆನ್ ವಿನ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಳಸಿದ "ಇಷ್ಟು ಕೊಡು" ಪರೀಕ್ಷೆ ಮನೆಯಲ್ಲೂ ನಡೆಯುತ್ತದೆ. ತಾಟಿನಲ್ಲಿ ಒಂದೇ ಥರದ 12 ಸಾಮಾನು ಇಡಿ, ಪಕ್ಕದಲ್ಲಿ ಖಾಲಿ ಬಟ್ಟಲು. "ಎರಡು ಬಟ್ಟಲಿಗೆ ಹಾಕು" ಅನ್ನಿ. ಸರಿ ಹಾಕಿದರೆ ಮೂರು ಕೇಳಿ, ತಪ್ಪಿದರೆ ಒಂದಕ್ಕೆ ಇಳಿಯಿರಿ. ಹೀಗೆ ಏರುತ್ತ ಇಳಿಯುತ್ತ ಪ್ರತಿ ಸಂಖ್ಯೆಯನ್ನೂ ಮೂರು ಸಲ ಕೇಳಿ. ಮೂರರಲ್ಲಿ ಎರಡು ಸಲ ಸರಿ ಬಂದು, ಬೇರೆ ಸಂಖ್ಯೆ ಕೇಳಿದಾಗ ಅಷ್ಟನ್ನೇ ಕೊಡದಿದ್ದರೆ ಆ ಸಂಖ್ಯೆ ಅವಳದಾಯಿತು. ನಡುವೆ ತಿದ್ದಬೇಡಿ, ಹುಬ್ಬು ಕೂಡ ಏರಿಸಬೇಡಿ. ಮಕ್ಕಳು ಬೀಜ ಬಿಟ್ಟು ಅವ್ವನ ಮುಖ ಓದುತ್ತಾರೆ. ಹಿಡಿ ತುಂಬ ಕೊಟ್ಟಳು ಅಂದರೆ "ಆರು" ಅಂದದ್ದು ಅವಳಿಗೆ "ಬಹಳ" ಅಂತ ಕೇಳಿಸಿದೆ, ಅಷ್ಟೇ.

ಇನ್ನು ನೀವು ನೋಡಿಟ್ಟದ್ದು. ಅಬ್ಯಾಕಸ್‌ನ ಮಣಿ ತಂತಿ ಬಿಟ್ಟು ಹೊರಗೆ ಬರುವುದಿಲ್ಲ. ಎತ್ತಿ ಕೊಡುವುದಕ್ಕಾಗಲಿ ಬಟ್ಟಲಿಗೆ ಹಾಕುವುದಕ್ಕಾಗಲಿ ಆಗದ ವಸ್ತು ಈ ಹಂತಕ್ಕೆ ಒಗ್ಗದು. ಹತ್ತರ ಗುಂಪು ಕಲಿಯುವಾಗ ಅದಕ್ಕೊಂದು ಕಾಲ ಬರುತ್ತದೆ. ವರ್ಕ್‌ಬುಕ್ಕಿನ ಚಿತ್ರ ಸರಿಸಲು ಬಾರದು, ಎಣಿಸಿದ್ದು ಯಾವುದು ಬಿಟ್ಟಿದ್ದು ಯಾವುದು ಗೊತ್ತಾಗದೆ ಅದೇ ಕೋಳಿಯನ್ನು ಎರಡು ಸಲ ಎಣಿಸುತ್ತಾರೆ. ಕೋಲಿನ ಸೆಟ್ ಒಳ್ಳೆಯದು, ಆದರೆ ಐದರ ತನಕ ಗಟ್ಟಿಯಾದ ಮೇಲೆ.

ಬದಲಿಗೆ ಹತ್ತರ ಚೌಕ ಮಾಡಿ: ಎರಡು ಸಾಲು, ಸಾಲಿಗೆ ಐದು ಮನೆ. 30 ಮೊಟ್ಟೆಯ ಟ್ರೇ ಒಂದು ಕಡೆ ಐದು, ಇನ್ನೊಂದು ಕಡೆ ಆರು ಗುಂಡಿ ಇರುತ್ತದೆ. ಎರಡೆರಡು ಸಾಲಿಗೆ ಕತ್ತರಿಸಿದರೆ ಮೂರು ಚೌಕ ಸಿಗುತ್ತವೆ. ಮೊಟ್ಟೆ ಒಡೆದು ಕಲೆಯಾದ ಟ್ರೇ ಬಿಸಿಲಿಗಿಟ್ಟರೂ ಬೇಡ, ಹೊಸದೇ ತನ್ನಿ. ಮೊಟ್ಟೆ ಟ್ರೇ ಮನೆಯೊಳಗೆ ತರದವರು ರಟ್ಟಿನ ಮೇಲೆ 10 ಸೆಂ.ಮೀ. ಮನೆ ಗೀಚಿಕೊಂಡರೂ ಅಷ್ಟೇ ಚೆನ್ನ. ಮೇಲಿನ ಸಾಲನ್ನು ಎಡದಿಂದ ತುಂಬಿಸಿ, ಆಮೇಲೆ ಕೆಳಗಿನದು. ಹಾಗೆ ಮಾಡಿದರೆ ಏಳು ಅಂದರೆ "ಐದು, ಮೇಲೆರಡು" ಎಂದು ಕಣ್ಣಿಗೇ ಕಾಣುತ್ತದೆ. ಅಲ್ಲಲ್ಲಿ ಚೆಲ್ಲಿದರೆ ಕಾಣುವುದಿಲ್ಲ.

ಸಾಮಾನೆಲ್ಲ ಒಂದೇ ಥರ ಇರಲಿ. ಲಿಂಬಿಕಾಯಿ, ಚಮಚ, ಗುಂಡಿ ಬೆರೆಸಿದರೆ ಎಣಿಸುವುದು ಬಿಟ್ಟು ವಿಂಗಡಿಸಲು ಕೂರುತ್ತಾಳೆ. ಅದೂ ಆಟವೇ, ಬೇರೆ ಹೊತ್ತಿಗೆ. ಒಂದು ಕೂಟ ಹತ್ತು ನಿಮಿಷ ಸಾಕು.

ಬೀದರ್ ಮಡಿವಾಳ ಸರ್ಕಲ್:

ಸಣ್ಣವನ ವಿಷಯ ಮೊದಲು ಮುಗಸ್ರಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆಯ ಕೊಳವೆ 31.7 ಮಿ.ಮೀ. ಅಗಲ ಇರ್ತದ, ಅದರೊಳಗ ಪೂರ್ತಿ ಕೂತದ್ದು ಗಂಟಲಿಗೂ ಕೂಡ್ತದ ಅಂತ ಲೆಕ್ಕ. ಹುಣಸಿ ಬೀಜ, ಕವಡಿ, ಮಣಿ ಎಲ್ಲಾ ಔಟ್. ಜನ "ದೊಡ್ಡದದ" ಅಂತ ನೀರಿನ ಬಾಟಲಿ ಮುಚ್ಚಳ ಕೊಡ್ತಾರ, ಅದೂ ಸುಮಾರು 3 ಸೆಂ.ಮೀ., ಕೊಳವೆಯೊಳಗ ಆರಾಮ ಕೂಡ್ತದ. ಬಟ್ಟೆ ಕ್ಲಿಪ್ಪು, ಸ್ಟೀಲ್ ಚಮಚ, 4.5 ಸೆಂ.ಮೀ. ದಾಟಿದ ಲಿಂಬಿಕಾಯಿ ನಡೀತಾವ. ಬಟನ್ ಸೆಲ್ ಹಾಕಿದ ಆಟಿಕೆ, ನೀರಿನ್ಯಾಗ ಉಬ್ಬೋ ಮಣಿ ಮನ್ಯಾಗೇ ಬ್ಯಾಡ.

ಅಳಿಗುಳಿ ಮಣಿಯ ಹಳೇ ಡಬ್ಬಿ ಇದ್ರ ತೆರೆದು ನೋಡ್ರಿ. ಕೆಂಪು-ಕಪ್ಪು ಗುಲಗಂಜಿ ಇದ್ರ ತೆಗೀರಿ, ಔಡಲ ಬೀಜನೂ ತೆಗೀರಿ. ಎರಡೂ ವಿಷ. ಸಿಪ್ಪಿ ಒಡೆಯೋ ಹಂಗ ಅಗಿದರ ಜೀವಕ್ಕ ಅಪಾಯ.

ಇನ್ನ ಭಾಷಾ ವಿಷಯ, ಯಾರೂ ಹೇಳಲ್ಲ. ಥರ್ಟೀನ್ ಅಂದ್ರ ಮೂರು ಮೊದಲು ಕೇಳ್ತದ, ಅದಕ್ಕ ಮಕ್ಕಳು 31 ಅಂತ ಬರೀತಾರ. ಬಾಜೂ ಮನಿ ಉರ್ದುವಿನ "ತೇರಾ", ನಮ್ಮ ಕಡಿ ಮರಾಠಿ "ಎಕವೀಸ" ಇವೂ ಬಿಡಿ ಮೊದಲು, ಹತ್ತು ಆಮೇಲೆ. ಕನ್ನಡದ ಹದಿಮೂರು, ಇಪ್ಪತ್ತೊಂದು ಬರೆಯೋ ಸಾಲಿನ್ಯಾಗೇ ಬರ್ತಾವ: ಹತ್ತು ಮುಂದ, ಬಿಡಿ ಹಿಂದ. ಇಷ್ಟು ಅನುಕೂಲ ಇರುವಾಗ ಹತ್ತರ ಮ್ಯಾಲಿನ ಗುಂಪು ಮೊದಲು ಕನ್ನಡದಾಗೇ ಕಲಸ್ರಿ. 10 ತೊಗರಿ ಕಡ್ಡಿ, ಎಲ್ಲಾ 12 ಸೆಂ.ಮೀ., ತುದಿ ಉಜ್ಜಿ ನುಣುಪು ಮಾಡಿ, ರಬ್ಬರ್ ಬ್ಯಾಂಡ್ ಅವಳೇ ಹಾಕ್ಲಿ. ನೀವು ಕಟ್ಟಿಕೊಟ್ಟ ಕಟ್ಟು ಅವಳಿಗೆ "ಒಂದು ಕಟ್ಟು" ಅಷ್ಟೇ, ಹತ್ತು ಅಲ್ಲ.

ಕನ್ನಡದಾಗೂ ಒಂದು ತೊಡಕದ. ಲಿಂಬಿಕಾಯಿ ಎರಡು, ಆದ್ರ ಹುಡುಗರು ಇಬ್ಬರು; ಮೂವರು, ನಾಲ್ವರು, ಐವರು. ಮನಿ ಮಂದಿ ಎಣಿಸೋ ಆಟ ಮೊದಲ ವಾರ ಬ್ಯಾಡ, ಒಂದೇ ಎಣಿಕೆಗೆ ಎರಡು ಸಾಲು ಹೆಸರಾಗ್ತಾವ. ಬದಲಿಗೆ ಊಟಕ್ಕ ತಾಟಿಗೊಂದು ರೊಟ್ಟಿ ಇಡಸ್ರಿ. ತಾಟು ಐದು, ರೊಟ್ಟಿ ನಾಲ್ಕು ಬೇಕಂತಲೇ ಕೊಡ್ರಿ, "ಒಂದು ಕಡಿಮಿ ಬಿತ್ತು" ಅಂತ ಅವಳೇ ಹೇಳ್ಲಿ.

ಜೇವರ್ಗಿ ಕಾಲೋನಿ:

ಬಟ್ಟೆ ಕ್ಲಿಪ್ಪಿಂದ ನೋಡಿದೆ. ಮೂರು ಕೇಳಿದ್ರ ಮೂರೂ ಸಲ ಸರಿ, ನಾಲ್ಕು ಕೇಳಿದ್ರ ಒಂದು ಹಿಡಿ. ಮುಂದ? ದಾಳ ಹಾಕೋ ಆಟ ಯಾವುದರ ನಡೀತದೇನ್ರಿ?

ಆಳಂದ ನಾಕಾ:

ಹಾಗಾದರೆ ನಾಲ್ಕೊಂದೇ ಕೆಲಸ. ಐದು, ಆರರ ಮಾತೆತ್ತಬೇಡಿ. ಮೂರು ಹಾಕಿಸಿ, "ಮೂರು ಅವ. ಇನ್ನೊಂದು ಹಾಕಿದೆ, ನಾಲ್ಕಾದವು" ಅನ್ನಿ, ತೆಗೆದು "ಮತ್ತ ಮೂರು". ಸಾಲಾಗಿಡಿ, ಚೌಕಾಗಿಡಿ, ದೂರ ದೂರ ಇಡಿ, ಪ್ರತಿ ಸಲ ನಾಲ್ಕೇ. ಹರಡಿದಾಗ "ಜಾಸ್ತಿ ಆಯ್ತು" ಅಂದರೆ ವಾದ ಬೇಡ, ಮತ್ತೆ ಹತ್ತಿರ ತಂದು ಎಣಿಸಲು ಬಿಡಿ.

ಶಹಾಪುರ ಬೆಟ್ಟ:

ಹಾವು-ಏಣಿ ಬೇಡ. 100 ಮನೆ, ಸಾಲಿಗೊಮ್ಮೆ ದಿಕ್ಕು ತಿರುಗುತ್ತದೆ, "ಮುಂದೆ" ಅಂದರೆ ಯಾವ ಕಡೆ ಎಂದೇ ತಿಳಿಯದು. 1ರಿಂದ 10, ಒಂದೇ ನೇರ ಸಾಲು, ಎಡದಿಂದ ಬಲಕ್ಕೆ. ರಮಣಿ ಮತ್ತು ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಥ ನೇರ ಹಲಗೆಯಲ್ಲಿ ಎರಡು ವಾರದೊಳಗೆ ಕೆಲವೇ ಕೂಟ ಆಡಿದ ಮಕ್ಕಳು ಸಂಖ್ಯೆಯಲ್ಲಿ ಮುಂದೆ ಬಂದಿದ್ದರು. ಸಂಖ್ಯೆ ಬದಲು ಬಣ್ಣದ ಮನೆಯಿದ್ದ ಹಲಗೆಯಲ್ಲಿ ಆಡಿದವರು ಬರಲಿಲ್ಲ.

ನಿಮ್ಮ ಪರಸಿಯೇ ಹಲಗೆ. ಖಡುವಿನಿಂದ (ಸೀಮೆಸುಣ್ಣದಿಂದ) ಒಂದು ಪರಸಿಗೆ ಒಂದು ಸಂಖ್ಯೆ ಬರೆಯಿರಿ, ಮಗು ತಾನೇ ಕಾಯಿ. ಜಾಗ ಸಾಲದಿದ್ದರೆ ರಟ್ಟಿನ ಪಟ್ಟಿ, ಮನೆಗೆ 8 ಸೆಂ.ಮೀ.

ದಾಳ 6ರ ತನಕ ಹೋಗುತ್ತದೆ, ಅವಳಿಗೆ ಅಷ್ಟು ಬೇಡ. ಎರಡು ಹುಣಸೆ ಬೀಜದ ಒಂದೊಂದು ಬದಿ ಒರಟು ಕಲ್ಲಿಗೆ ತೇಯ್ದು ಬಿಳಿ ಮಾಡಿ (ಆಟ ಮುಗಿದೊಡನೆ ಎಣಿಸಿ ಡಬ್ಬಿಗೆ, ತಮ್ಮ ಮಲಗಿದ್ದಾಗ ಮಾತ್ರ). ಚೆಲ್ಲಿದಾಗ ಬಿಳಿ ಎಷ್ಟು ಕಂಡಿತೋ ಅಷ್ಟು ಹೆಜ್ಜೆ. ಎರಡೂ ಕಪ್ಪಾದರೆ ಸೊನ್ನೆ, ನಿಂತಲ್ಲೇ ನಿಲ್ಲಬೇಕು. ಸೊನ್ನೆಗೆ ಇದಕ್ಕಿಂತ ಒಳ್ಳೆಯ ಪಾಠ ಅಂಗಡಿಯಲ್ಲಿ ಸಿಗದು.

ತಪ್ಪುವುದು ಎರಡು ಕಡೆ. 3ರಲ್ಲಿ ನಿಂತು ಎರಡು ಬಿದ್ದರೆ ನಿಂತ ಮನೆಯನ್ನೇ ಒಂದು ಅಂತ ಎಣಿಸಿ 4ಕ್ಕೇ ನಿಲ್ಲುತ್ತಾರೆ. ಕಾಲು ಎತ್ತಿಟ್ಟಾಗ ಮಾತ್ರ ಬಾಯಿ ತೆರೆಯಲಿ. ಎರಡನೆಯದು, "ಒಂದು, ಎರಡು" ಅನ್ನುವ ಬದಲು ಮನೆಯ ಹೆಸರೇ ಹೇಳಿಸಿ: "ನಾಲ್ಕು, ಐದು". ಹೀಗೆ ಆಡಿದರೇ ಲಾಭ.

ಕೋಲಿನ ಸೆಟ್ಟಿಗೆ ದುಡ್ಡು ಬೇಡ. ಅಸಲಿ ಸೆಟ್ 10 ಸೆಂ.ಮೀ.ನಿಂದ 1 ಮೀಟರ್ ತನಕ ಹತ್ತು ಕೋಲು. ಐದರ ತನಕ ಗಟ್ಟಿಯಾದ ಮೇಲೆ ದಪ್ಪ ಡಬ್ಬದ ರಟ್ಟಿನಲ್ಲಿ ಅರ್ಧ ಅಳತೆಯಲ್ಲಿ ಮಾಡಿ: 3 ಸೆಂ.ಮೀ. ಅಗಲ, 5, 10, 15 ಹೀಗೆ 50 ಸೆಂ.ಮೀ. ತನಕ. ಒಟ್ಟು 275 ಸೆಂ.ಮೀ. ಪಟ್ಟಿ ಸಾಕು. ಪ್ರತಿ 5 ಸೆಂ.ಮೀ.ಗೆ ಬಣ್ಣ ಬದಲಿಸಿ. ಎಲ್ಲವನ್ನೂ ಉದ್ದದ ಒಂದೇ ಪಟ್ಟಿಗೆ ಹಿಡಿದು ಗುರುತು ಹಾಕಿ. ಒಂದರಿಂದ ಒಂದಕ್ಕೆ ಅಳೆಯುತ್ತ ಹೋದರೆ ಮಿಲಿಮೀಟರ್ ಮಿಲಿಮೀಟರ್ ಸರಿದು 3ಕ್ಕೆ 2 ಜೋಡಿಸಿದ್ದು 5ಕ್ಕೆ ಕೂಡುವುದಿಲ್ಲ, ಸೆಟ್ಟಿನ ಜೀವವೇ ಅಲ್ಲಿದೆ. ಕೋಲಿನ ಮೇಲೆ ಅಂಕಿ ಬರೆಯಬೇಡಿ. ಕೊನೆಯ ತುಂಡನ್ನೇ "ಐದು" ಅಂದುಕೊಳ್ಳುತ್ತಾರೆ. ಎಣಿಸಿ ಮುಗಿಸಿದ ಮೇಲೆ ಈ ತುದಿಯಿಂದ ಆ ತುದಿಗೆ ಅಂಗೈ ಸವರಿ "ಇಡೀದು ಐದು" ಅನ್ನಿ.

ಜೇವರ್ಗಿ ಕಾಲೋನಿ:

ಪರಸಿ ಪಾಲಿಶ್ ಮಾಡಿದ್ದು, ಖಡು ಹತ್ತವಲ್ದು.

ಶಹಾಪುರ ಬೆಟ್ಟ:

ಖಡು ತುದಿ ನೀರಲ್ಲಿ ಅದ್ದಿ ಬರೆಯಿರಿ, ಒಣಗಿದ ಮೇಲೆ ಬಿಳುಪಾಗಿ ಏಳುತ್ತದೆ. ಅದೂ ಆಗದಿದ್ದರೆ ಕಾಗದದ ಮಾಸ್ಕಿಂಗ್ ಟೇಪ್. ವಾರಕ್ಕೊಮ್ಮೆ ಕಿತ್ತು ಹೊಸದು ಹಚ್ಚಿ, ಬಹಳ ದಿನ ಬಿಟ್ಟರೆ ಅಂಟು ಕಲ್ಲಿಗೆ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಬೇಕಾಗುತ್ತದೆ, ಬಾಡಿಗೆ ಮನೆ ಬೇರೆ.