ಮುರುಗಲು, ಉಪ್ಪಾಗೆ, ಕೋಕಂ: ಪದಬಳಕೆಯ ಕುರಿತು

ಉತ್ತರ ಕನ್ನಡದ ಅಡುಗೆಯನ್ನು ಪರಿಚಯಿಸುವ ಬರಹಗಳಲ್ಲಿ ‘ಉಪ್ಪಾಗೆ ಎಂದರೆ ಕೋಕಂ’ ಎಂಬ ವಿವರಣೆ ಈಚೆಗೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ಶಿರಸಿ, ಸಿದ್ದಾಪುರದ ಕಡೆಯವರು ಇದನ್ನು ಒಪ್ಪಲಾರರು. ಪೇಟೆಯಲ್ಲಿ ಕೋಕಂ ಎಂದು ಮಾರುವುದು ನಮ್ಮ ಮುರುಗಲನ್ನು, ಅಂದರೆ ಗಾರ್ಸೀನಿಯಾ ಇಂಡಿಕಾವನ್ನು. ಉಪ್ಪಾಗೆ ಅದೇ ಕುಲಕ್ಕೆ ಸೇರಿದ್ದರೂ ಬೇರೆಯೇ ಮರ, ಗಾರ್ಸೀನಿಯಾ ಗುಮ್ಮಿ-ಗುಟ್ಟ. (ತೂಕ ಇಳಿಸುವ ಮಾತ್ರೆಗಳ ಡಬ್ಬಿಯ ಮೇಲೆ ಕಾಣುವ ಗಾರ್ಸೀನಿಯಾ ಕ್ಯಾಂಬೋಜಿಯಾ ಎಂಬುದು ಈ ಉಪ್ಪಾಗೆಯ ಹಳೆಯ ಹೆಸರು.)

ಮುರುಗಲು ಬೇಸಿಗೆಯ ಹಣ್ಣು. ಏಪ್ರಿಲ್, ಮೇ ತಿಂಗಳಲ್ಲಿ ಕಡುಗೆಂಪಾಗಿ ಮಾಗಿದ ಹಣ್ಣನ್ನು ಒಡೆದು, ಬೀಜ ತೆಗೆದು, ಸಿಪ್ಪೆಗೆ ಅದರದೇ ರಸವನ್ನು ಉಪ್ಪಿನೊಂದಿಗೆ ಹಲವು ಸಲ ಉಣಿಸಿ ಬಿಸಿಲಿನಲ್ಲಿ ಒಣಗಿಸುತ್ತಾರೆ. ಉಪ್ಪಾಗೆ ಮಾಗುವುದು ಮಳೆಗಾಲದಲ್ಲಿ. ಹಳದಿಗೆ ತಿರುಗಿ, ಪುಟ್ಟ ಕುಂಬಳದ ಹಾಗೆ ಏಣು ಏಣಾಗಿರುವ ಈ ಹಣ್ಣು ಕೈಗೆ ಸಿಗುವ ಹೊತ್ತಿಗೆ ಬಿಸಿಲಿನ ಮಾತೇ ಇರುವುದಿಲ್ಲವಾದ್ದರಿಂದ, ಸಿಪ್ಪೆಯನ್ನು ಬೆಂಕಿಯ ಮೇಲಿನ ಅಟ್ಟದಲ್ಲಿ ಹರಡಿ ಹೊಗೆಯಲ್ಲೇ ಒಣಗಿಸಬೇಕಾಗುತ್ತದೆ. ಅದು ಕಪ್ಪಗಾಗಿ ಹೊಗೆಯ ವಾಸನೆ ಹಿಡಿಯುತ್ತದೆ. ಮುರುಗಲು ಸಿಪ್ಪೆಯನ್ನು ನೆನೆಹಾಕಿದ ನೀರು ಕೆಂಪೇರುತ್ತದೆ, ಉಪ್ಪಾಗೆಗೆ ಆ ಗುಣವಿಲ್ಲ. ಹೀಗಿರುವಾಗ ಪಾನಕದ ವಿಧಾನದಲ್ಲಿ ಮುರುಗಲಿನ ಬದಲು ಉಪ್ಪಾಗೆ ಎಂದು ಅಚ್ಚಾದರೆ, ಓದಿಕೊಂಡು ಮಾಡುವವರ ಪಾಡೇನು?

ಗೊಂದಲಕ್ಕೆ ಕಾರಣ ಬಹುಶಃ ‘ತುಪ್ಪ’ ಇರಬೇಕು. ಎರಡೂ ಮರಗಳ ಬೀಜದಿಂದ ಜಿಡ್ಡು ತೆಗೆಯುವ ರೂಢಿಯಿದೆ. ಬೀಜವನ್ನು ಒಣಗಿಸಿ, ಪುಡಿ ಮಾಡಿ, ನೀರಿನಲ್ಲಿ ಕುದಿಸಿದಾಗ ಮೇಲೆ ತೇಲುವ ಜಿಡ್ಡನ್ನು ಬಗ್ಗಿಸಿಕೊಂಡರೆ ಆರಿದ ಮೇಲೆ ಅದು ಗಟ್ಟಿಯಾಗುತ್ತದೆ. ಉಪ್ಪಾಗೆಯದನ್ನು ಮಲೆನಾಡಿನ ಮನೆಗಳಲ್ಲಿ ಅಡುಗೆಗೆ ಬಳಸುತ್ತಾರೆ, ಮುರುಗಲಿನದನ್ನು ಒಡೆದ ಹಿಮ್ಮಡಿಗೂ ಹಚ್ಚುತ್ತಾರೆ. ಇವೆರಡನ್ನೂ ಎಣ್ಣೆ ಎನ್ನದೆ ಉಪ್ಪಾಗೆ ತುಪ್ಪ, ಮುರುಗಲು ತುಪ್ಪ ಎನ್ನುವುದು ಹೆಪ್ಪುಗಟ್ಟುವ ಗುಣವನ್ನು ನೋಡಿಯೇ ಎಂದು ನನ್ನ ಎಣಿಕೆ. ತುಪ್ಪವನ್ನು ಹಾಲಿನ ಪದಾರ್ಥಕ್ಕೆ ಮಾತ್ರ ಕಟ್ಟಿಹಾಕಲು ಬಾರದೆಂಬುದಕ್ಕೆ ಜೇನುತುಪ್ಪ ಹೇಗೂ ಸಾಕ್ಷಿಯಾಗಿದೆ, ಆದರೆ ಅಲ್ಲಿ ಹೆಪ್ಪುಗಟ್ಟುವ ಮಾತು ಹೊಂದುವುದಿಲ್ಲ.

ಘಟ್ಟ ಇಳಿದರೆ ಹೆಸರುಗಳು ಬೇರೆಯಾಗುತ್ತವೆ. ಕಾರವಾರದ ಕೊಂಕಣಿಯಲ್ಲಿ ಮುರುಗಲು ಹಣ್ಣು ಭಿರಂಡ. ಒಣಗಿಸಿದ ಸಿಪ್ಪೆಗೆ ಸೋಲ ಎಂಬ ಪ್ರತ್ಯೇಕ ಪದವಿದ್ದು, ತೆಂಗಿನ ಹಾಲಿನ ಸೋಲಕಡಿಗೆ ಹೆಸರು ಬಂದಿರುವುದು ಅದರಿಂದ. ದಕ್ಷಿಣ ಕನ್ನಡದಲ್ಲಿ ಇದೇ ಹಣ್ಣು ಪುನರ್ಪುಳಿ. ಕೊಡಗಿನ ಕಾಚಂಪುಳಿಯಾದರೋ ಉಪ್ಪಾಗೆಯ ಜಾತಿಯ ಹಣ್ಣಿನ ರಸವನ್ನು ಕಾಯಿಸಿ ಕಪ್ಪಗೆ ಇಳಿಸಿದ್ದು. ಪುನರ್ಪುಳಿ, ಕಾಚಂಪುಳಿಗಳಲ್ಲಿ ಹುಳಿ ಹೆಸರಿನಲ್ಲೇ ಇದೆ, ನಮ್ಮ ಎರಡು ಹೆಸರುಗಳಲ್ಲಿ ಇಲ್ಲ.

ಆದ್ದರಿಂದ ಬಲ್ಲವರಲ್ಲಿ ಎರಡು ಪ್ರಶ್ನೆಗಳು. ಉಪ್ಪಾಗೆಯ ಮೊದಲ ಭಾಗಕ್ಕೂ ಉಪ್ಪು ಎಂಬ ಪದಕ್ಕೂ ಸಂಬಂಧವಿದೆಯೇ, ಅಥವಾ ಅದು ಕೇವಲ ಧ್ವನಿಸಾಮ್ಯವೇ? ಸೋಲಕ್ಕೆ ಸಮನಾಗಿ, ಒಣಗಿಸಿದ ಸಿಪ್ಪೆಯನ್ನಷ್ಟೇ ಸೂಚಿಸುವ ಒಂಟಿ ಪದ ಅಂಕೋಲಾ, ಕುಮಟಾ, ಹೊನ್ನಾವರದ ಕನ್ನಡದಲ್ಲಿ ಬಳಕೆಯಲ್ಲಿದೆಯೇ?